ನೀಲಕ್ಕನ ಮೂಗನ್ನು ನಂಬಿದವರು

ಏಳನೆಯ ಬಂಗಡೆಯ ಕಿವಿರು ಕಿತ್ತು ಪಕ್ಕದ ತಟ್ಟೆಗೆ ಹಾಕುವಷ್ಟರಲ್ಲಿ ನೀಲಾಳಿಗೆ ಮತ್ತೆ ಸೀನು ಬಂತು. ಎರಡೂ ಕೈಗೆ ಮೀನಿನ ನೆತ್ತರು. ಮೊಣಕೈಯನ್ನೇ ಮೂಗಿಗೆ ಅಡ್ಡ ಹಿಡಿದು ಒಂದು, ಎರಡು, ಹೀಗೆ ಆರು ಸಲ ಸೀನಿದಳು. ಕಾಲಡಿಯ ಮೆಟ್ಟುಗತ್ತಿ ಅಲುಗಾಡಿತು. ಕಣ್ಣಲ್ಲಿ ನೀರು ತುಂಬಿ ಉಳಿದ ಮೀನುಗಳೆಲ್ಲ ಎರಡೆರಡಾಗಿ ಕಂಡವು. ಸ್ವಲ್ಪ ಹೊತ್ತು ಹಾಗೇ ಕೂತು ಬಾಯಿಂದ ಉಸಿರೆಳೆದುಕೊಂಡಳು. ಆಮೇಲೆ ಎಂಟನೆಯದಕ್ಕೆ ಕೈ ಹಾಕಿದಳು. ಬೆನ್ನ ಹಿಂದೆ ಒಲೆಯ ಮೇಲೆ ಗಂಜಿ ಇತ್ತು. ಅದು ಕುದಿಯುವ ಸದ್ದು ನಿಂತು ಎಷ್ಟು ಹೊತ್ತಾಯಿತೋ, ಅವಳ ಗಮನಕ್ಕೆ ಬರಲಿಲ್ಲ.

ಶಾಲೆಯಿಂದ ಬಂದ ಮೊಮ್ಮಗಳು ರಕ್ಷಿತಾ ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ನುಗ್ಗಿದಳು. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು, ಹಿತ್ತಿಲ ಬಾಗಿಲು ತೆಗೆದಳು, ಕಿಟಕಿ ತೆಗೆದಳು. ಗಂಜಿ ಉಕ್ಕಿ ಒಲೆ ಆರಿಹೋಗಿ, ಅನಿಲ ಮಾತ್ರ ಬುಸ್ಸೆಂದು ಬರುತ್ತಲೇ ಇತ್ತು.

"ಆಜಿ, ಮನೆ ತುಂಬ ಗ್ಯಾಸು. ನಿಂಗೆ ವಾಸನೆ ಬರ್ಲಿಲ್ವಾ?"

"ಶೀತ ಆಗದೆಯಲ್ಲೇ."

"ಗೇಟಿನ ಹತ್ರಕ್ಕೇ ಬರ್ತಿತ್ತು."

"ಗೇಟಿನ ಹತ್ರ ನಿನ್ನ ಮೂಗಿತ್ತು. ಇಲ್ಲಿ ನನ್ನ ಮೂಗಿತ್ತು. ನಿನ್ನ ಅಮ್ಮನಿಗೆ ಹೇಳೂಕೆ ಹೋಗ್ಬೇಡ."

ರಕ್ಷಿತಾ ಅಜ್ಜಿಯ ಕಡೆ ನೋಡಲಿಲ್ಲ, ಜಗಲಿಗೆ ಓಡಿದಳು. ಅಲ್ಲಿ ಅಜ್ಜ ತುಳಸಿದಾಸ ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು, ತುಟಿಯಲ್ಲಿ ಬೀಡಿ ಇಟ್ಟು, ಬೆಂಕಿಪೊಟ್ಟಣ ಹುಡುಕುತ್ತಿದ್ದ. ಅವಳು ಪೊಟ್ಟಣವನ್ನು ಕಿತ್ತುಕೊಂಡು ರಸ್ತೆಗೆ ಎಸೆದಳು.

"ನಾನು ಚರಂಡಿ ನಾತ ಅಂದ್ಕಂಡೆ ಮಾರಾಯ್ತಿ" ಎಂದ ತುಳಸಿದಾಸ. ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ.

ಹೇಳಬೇಡ ಎಂದ ಮಾತು ಶಿರವಾಡದ ಆ ಪುಟ್ಟ ಮನೆಯಲ್ಲಿ ರಾತ್ರಿಯ ಊಟದವರೆಗೂ ಉಳಿಯಲಿಲ್ಲ. ಮಗ ರೋಷನ ಕೈಗಾಕ್ಕೆ ಕೆಲಸಗಾರರನ್ನು ಒಯ್ಯುವ ಬಸ್ಸಿನ ಚಾಲಕ. ಬೆಳಿಗ್ಗೆ ಐದೂವರೆಗೆ ಹೊರಟರೆ ಮನೆಯವರ ಜೊತೆ ಉಣ್ಣುವುದು ರಾತ್ರಿ ಎಂಟಕ್ಕೇ. ಸೊಸೆ ಸುಮಲತಾ ಕಾರವಾರದ ಒಂದು ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಶಾಲೆಯ ಅಂಗಿಗಳಿಗೆ ಕಾಜಾ ಹಾಕಿ ಬಂದು, ಮತ್ತೆ ಬಡಿಸಲು ನಿಲ್ಲುತ್ತಿದ್ದಳು. ರಕ್ಷಿತಾ ಮೀನಿನ ಮುಳ್ಳು ಬಿಡಿಸುತ್ತ ಎಲ್ಲವನ್ನೂ ಹೇಳಿಬಿಟ್ಟಳು.

"ಎಷ್ಟು ದಿನದಿಂದ ಹಿಂಗೆ?" ಎಂದ ರೋಷನ.

"ಶೀತ ಅಂದೆನಲ್ಲ."

"ಆಯಿ, ಶೀತ ಇದ್ರೆ ಎಂಟು ದಿನ. ಇಡೀ ಮಳೆಗಾಲ ನೀನು ಸೀನಿದ್ದು ನಾ ಕೇಳೀನಿ. ಗೋಡೆ ಒಂದೇ ನಮ್ಗೆ."

"ಗೋಡೆ ದಪ್ಪ ಕಟ್ಸು ಹಾಗಾದ್ರೆ."

ಯಾರೂ ನಗಲಿಲ್ಲ. ಸುಮಲತಾ ಮಾತ್ರ ಅನ್ನದ ಸೌಟನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಏನೋ ಲೆಕ್ಕ ಹಾಕುವವಳಂತೆ ಅತ್ತೆಯ ಮುಖ ನೋಡುತ್ತಿದ್ದಳು. ಪಾತ್ರೆ ತೊಳೆಯಲು ಇಬ್ಬರೇ ಹಿತ್ತಿಲಿಗೆ ಬಂದಾಗ ದನಿ ತಗ್ಗಿಸಿ ಕೇಳಿದಳು.

"ಆಯಿ, ಮೇ ತಿಂಗಳಲ್ಲಿ ನಿಮ್ಗೆ ವಾಸನೆ ಬರ್ತಿತ್ತಾ?"

ನೀಲಾ ಬೂದಿಯಿಂದ ತಪ್ಪಲೆ ತಿಕ್ಕುತ್ತಲೇ ಇದ್ದಳು. ತಿಕ್ಕಿದ ಜಾಗವನ್ನೇ ಮತ್ತೆ ತಿಕ್ಕಿದಳು.

ಮೇ ತಿಂಗಳ ವಿಷಯ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಕಾರವಾರದ ಕಡಲಬದಿಯಲ್ಲಿ ಒಣಮೀನು ಮಾಡುವ ಇಪ್ಪತ್ತೆರಡು ಹೆಂಗಸರ ಒಂದು ಸಂಘ. ಅವರವರ ಅಂಗಳದಲ್ಲಿ ಒಣಗಿಸಿದ್ದನ್ನು ಬುಧವಾರ ಬುಧವಾರ ಶೆಡ್ಡಿಗೆ ತರುತ್ತಾರೆ. ಅಲ್ಲಿ ಒಂದು ಮಣೆಯ ಮೇಲೆ ನೀಲಾ ಕೂರುತ್ತಾಳೆ. ಚೀಲದ ತಳದವರೆಗೆ ತೋಳು ಇಳಿಸಿ ಒಂದು ಮುಷ್ಟಿ ಮೇಲೆತ್ತುತ್ತಾಳೆ. ಮುಷ್ಟಿಯ ಮೇಲೆ ಬಾಯಿಂದ ಹಾ ಎಂದು ಬಿಸಿ ಉಸಿರು ಬಿಟ್ಟು, ಕೂಡಲೇ ಮೂಗಿಗೆ ಹಿಡಿಯುತ್ತಾಳೆ. ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿದ್ದರೆ ಆ ಬಿಸಿಗೆ ಅದು ಎದ್ದು ಬರುತ್ತದೆ. ಅವಳು ತಲೆಯಾಡಿಸಿದರೆ ಚೀಲದ ಬಾಯಿ ಹೊಲಿಯುತ್ತಾರೆ. ಅಡ್ಡ ಆಡಿಸಿದರೆ ಚೀಲ ವಾಪಸು ಬಿಸಿಲಿಗೆ. ಅವಳ ಅತ್ತೆಯಿಂದ ಬಂದ ಕೆಲಸ ಅದು, ಹತ್ತೊಂಬತ್ತು ವರ್ಷದಿಂದ ಅವಳದು. ಅವಳು ನೋಡಿದ ಮೇಲೆ ಇನ್ನೊಬ್ಬರು ಮೂಗು ಹಾಕುವ ಪದ್ಧತಿ ಅಲ್ಲಿಲ್ಲ.

ಮೇ ಕೊನೆಯಲ್ಲಿ ಹೊನ್ನಮ್ಮ ತಂದ ಎರಡು ಚೀಲ ಒಣ ಸಿಗಡಿಗೆ ನೀಲಾ ತಲೆಯಾಡಿಸಿದ್ದಳು. ಮಳೆ ಹಿಡಿದ ಮೇಲೆ ಅಂಕೋಲೆಯ ಅಂಗಡಿಯ ಜಟ್ಟಿ ಚೀಲ ಬಿಚ್ಚಿದ. ಒಳಗೆಲ್ಲ ಬೂಸಲು. ಎರಡೂ ಚೀಲ ತಿರುಗಿ ಬಂದವು. ಸಂಘದ ಅಧ್ಯಕ್ಷೆ ವೈಜಯಂತಿಬಾಯಿ ಕೇಳಿದಾಗ ನೀಲಾ, "ನಾ ನೋಡುವಾಗ ಸರಿ ಇತ್ತು. ಹೊಲಿಯುವ ಮೊದಲು ಚೀಲ ಬದಲಾಗಿರಬೇಕು" ಅಂದಳು. ಅಂದದ್ದನ್ನು ಬರೆದೂ ಕೊಟ್ಟಳು. ಚೀಲ ಬದಲಿಸಿದವಳು ಅವಳೇ ಎಂದು ಹೊನ್ನಮ್ಮನನ್ನು ಸಂಘದಿಂದ ತೆಗೆದರು. ಅವಳು ಅಂಕೋಲೆ ತಾಲೂಕಿನ ಬೇಲೇಕೇರಿಯ ತಮ್ಮನ ಮನೆ ಸೇರಿ, ಬೇರೆಯವರ ಶೆಡ್ಡಿನಲ್ಲಿ ನಿಂತುಕೊಂಡೇ ಸಿಗಡಿ ಸುಲಿಯುವ ಕೂಲಿಗೆ ಹೋಗುತ್ತಿದ್ದಳು. ಚೌತಿ ಮುಗಿದ ಮೇಲೆ ಅಲ್ಲಿಂದ ಒಂದು ಮಾತು ಬಂತು. ಅಲ್ಲಿನ ಸಂಘದವರು ಅವಳನ್ನು ಸೇರಿಸಿಕೊಳ್ಳುತ್ತಾರೆ, ಆದರೆ ಮಾಲು ಕೆಡಿಸಿದವಳಲ್ಲ ಎಂದು ಹಳೇ ಸಂಘದಿಂದ ಕಾಗದ ಬೇಕು. "ದೂರು ಬರೆದದ್ದು ನೀನು, ನೀಲಾ. ಅದು ಹಾಗಲ್ಲ ಅಂತ ಬರೆಯೂದಾದ್ರೂ ನೀನೇ ಬರೀಬೇಕು. ನಾನು ಸಂಘದ ಸಿಕ್ಕಾ ಒತ್ತಿ ಕೊಡ್ತೆ" ಎಂದಿದ್ದರು ವೈಜಯಂತಿಬಾಯಿ. ನೀಲಾ "ನೋಡ್ತೆ" ಅಂದಿದ್ದಳು. ದಸರೆಯೂ ಕಳೆದಿತ್ತು.

"ಎರಡು ವರ್ಷ ಆಯ್ತು" ಎಂದಳು ನೀಲಾ, ತಪ್ಪಲೆ ಕವುಚಿ. "ಮೊದ್ಲು ಅರ್ಧಂಬರ್ಧ ಬರ್ತಿತ್ತು. ಕಳೆದ ಚಳಿಗಾಲದಿಂದ ಏನೂ ಇಲ್ಲ. ಕೈಯಲ್ಲಿ ಮುಟ್ಟಿ ನೋಡ್ತೆ. ತಂದವರ ಮುಖ ನೋಡ್ತೆ."

"ಹೊನ್ನಮ್ಮಕ್ಕನ ಮುಖ ಹ್ಯಾಗಿತ್ತು ಅವತ್ತು?"

"ಅವಳೇ ಕೇಳಿದ್ಳು. 'ನೀಲಾ, ಅಡಿಯಲ್ಲಿ ಸ್ವಲ್ಪ ಹಸಿ ಅನ್ನಿಸ್ತದೆ, ಇನ್ನೊಂದು ಬಿಸಿಲು ಹಾಕ್ಲಾ?' ಅಂತ. ನಾ ನೋಡಿದ ಮೇಲೆ ನೀನೆಂತಾ ನೋಡೂದು ಅಂದೆ."

ಸುಮಲತಾ ಒಂದು ತಟ್ಟೆ ಒರೆಸಿ ಇಟ್ಟಳು, ಇನ್ನೊಂದನ್ನು ಒರೆಸಿ ಇಟ್ಟಳು.

"ಕಾಗದ ಬರೀರಿ ಆಯಿ."

"ಬರೆದ್ರೆ ನನ್ನ ಮಣೆ ಹೋಯ್ತು. ಮೂಗು ಸರಿಯಾಗ್ಲಿ. ಸರಿಯಾದ ಮೇಲೆ ಬರೀತೆ. ಆಗ ಹೇಳೂಕೆ ಬಾಯಿ ಇರ್ತದೆ."

ಆ ಶನಿವಾರ ಸುಮಲತಾ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕಿವಿ-ಮೂಗಿನ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹಣೆಯ ಮೇಲಿನ ದೀಪ ಹೊತ್ತಿಸಿ ಮೂಗಿನೊಳಗೆ ನೋಡಿ, "ಒಳಗೆಲ್ಲ ಊದಿಕೊಂಡಿದೆ. ಧೂಳಿನ ಅಲರ್ಜಿ. ಇಷ್ಟು ದಿನ ಏನು ಹಾಕ್ತಿದ್ರಿ?" ಎಂದರು.

ನೀಲಾ ಸೆರಗಿನ ಗಂಟಿನಿಂದ ಒಂದು ಪುಟ್ಟ ಬಾಟಲಿ ತೆಗೆದಿಟ್ಟಳು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮೂಗಿನ ಹನಿ. ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟುಕೊಂಡು ವರ್ಷದಿಂದ ಹಾಕುತ್ತಿದ್ದಳು. ಹಾಕಿದರೆ ಗಳಿಗೆಯಲ್ಲಿ ಮೂಗು ಬಿಡುತ್ತಿತ್ತು, ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿತ್ತು.

"ಇದು ಮೂರ್ನಾಲ್ಕು ದಿನಕ್ಕೆ ಮಾತ್ರ. ವರ್ಷಗಟ್ಟಲೆ ಹಾಕಿದ್ರೆ ಇದೇ ಮೂಗು ಕಟ್ಟಿಸ್ತದೆ. ಇವತ್ತಿಗೆ ಬಿಡಿ" ಎಂದು ಡಾಕ್ಟರು ಬೇರೆ ಸ್ಪ್ರೇ ಬರೆದರು. ಕಣ್ಣಿನೊಳಗೆ ಒತ್ತಡ, ಪೊರೆ ಏನಾದರೂ ಉಂಟೇ ಎಂದು ಕೇಳಿ, ಇಲ್ಲ ಎಂದ ಮೇಲೂ ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಅಂದರು. "ದಿನಾ ಬೆಳಿಗ್ಗೆ ಒಂದೊಂದು ಹೊಳ್ಳೆಗೆ ಎರಡೆರಡು ಸಲ. ಹೆಚ್ಚು ಬೇಡ, ತಪ್ಪಿಸೋದೂ ಬೇಡ. ಹನಿಯ ಹಾಗೆ ಇದು ಗಳಿಗೆಯಲ್ಲಿ ಕೆಲಸ ಮಾಡೋದಿಲ್ಲ. ಗೊತ್ತಾಗಬೇಕಾದ್ರೆ ಎರಡು ವಾರ ಬೇಕು."

"ವಾಸನೆ ಬರ್ತದಾ?"

"ಬರಬಹುದು. ಬಂದೇ ಬರ್ತದೆ ಅಂತ ನಾನು ಹೇಳೋದಿಲ್ಲ."

ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. ಹಾಕುವ ರೀತಿಯನ್ನು ನರ್ಸ್ ಬಾಗಿಲ ಹತ್ತಿರ ನಿಂತು ಒಂದು ಸಲ ತೋರಿಸಿದಳು. ನೀಲಾಳ ಗಮನ 'ಬರಬಹುದು' ಎಂಬ ಮಾತಿನಲ್ಲೇ ಇತ್ತು.

ಸಂಜೆ ರೋಷನ ಡಬ್ಬಿಯ ಒಳಗಿನ ಚೀಟಿಯನ್ನು ಬಿಡಿಸಿ ಓದಿದ. ಚೀಟಿ ಬಿಡಿಸುತ್ತ ಹೋದಂತೆ ಊಟದ ಚಾಪೆಯಷ್ಟಾಯಿತು.

"ಇದು ಸ್ಟೆರಾಯ್ಡು" ಎಂದ.

"ಹಾಗಂದ್ರೆ?" ಎಂದ ತುಳಸಿದಾಸ.

"ಜಿಮ್ಮಿಗೆ ಹೋಗೋರು ಚುಚ್ಚಿಸ್ಕೊಳ್ತಾರಲ್ಲ, ಅದು. ಮೂಳೆ ಸವೀತದೆ, ಮುಖ ಬಾತ್ಕೊಳ್ತದೆ. ನಮ್ಮ ಬಸ್ಸಿನವರೊಬ್ಬರ ತಂದೆ ಅದೇ ಮಾತ್ರೆ ನುಂಗಿ ನುಂಗಿ ಹಾಸಿಗೆ ಹಿಡಿದ್ರು. ಸುಮಾ, ನೀನು ಕೇಳ್ಲಿಲ್ವಾ?"

"ಕೇಳ್ದೆ. ಮಾತ್ರೆಯ ಹಾಗಲ್ಲ ಇದು. ಚೂರೇ ಚೂರು, ಮೂಗಿನಲ್ಲೇ ನಿಲ್ತದೆ ಅಂದ್ರು. ಹೇಳಿದಷ್ಟೇ ಹಾಕ್ಬೇಕು ಅಂತನೂ ಅಂದ್ರು."

"ದಿನಾ ಹಾಕೂದಾ? ಎಷ್ಟು ವರ್ಷ?"

"ನೀವು ಹೋಗಿ ಕೇಳ್ಬಹುದಿತ್ತು. ಅರ್ಧ ದಿನದ ರಜೆ ಹಾಕಿದ್ದು ನಾನು."

ರೋಷನ ಚೀಟಿಯನ್ನು ಹಳೇ ಮಡಿಕೆಗೆ ಮಡಿಸಲು ನೋಡಿದ, ಬರಲಿಲ್ಲ, ಹಾಗೇ ಮುದ್ದೆ ಮಾಡಿ ಇಟ್ಟ. "ಆಯಿ, ತೀರಾ ಬೇಕಾದ ದಿನ ಮಾತ್ರ ಹಾಕು" ಎಂದ.

ಆ ಮಾತು ನೀಲಾಳಿಗೆ ಸರಿಯಾಗಿ ಕೂತಿತು. ಅವಳ ಬದುಕೆಲ್ಲ ಹಾಗೇ ನಡೆದದ್ದು. ಮೀನು ಬರುವ ದಿನ ಕತ್ತಿ ಮಸೆಯುವುದು, ಮೀನು ಬರುವ ದಿನ ಉಪ್ಪು ತೆಗೆಯುವುದು. ಮೂಗು ಬೇಕಾದದ್ದು ಬುಧವಾರ. ಹಾಗಾಗಿ ಬುಧವಾರ ಬೆಳಿಗ್ಗೆ, ಶೆಡ್ಡಿಗೆ ಹೋಗುವ ಬಸ್ಸಿಗೆ ಮೊದಲು, ಬಚ್ಚಲ ಬಾಗಿಲು ಹಾಕಿಕೊಂಡು ತಲೆ ಹಿಂದಕ್ಕೆ ಚೆಲ್ಲಿ, ಬಲಗೈಯಿಂದಲೇ ಎರಡೂ ಹೊಳ್ಳೆಗೆ ಐದೈದು ಸಲ ಹೊಡೆದು, ನಶ್ಯದ ಹಾಗೆ ಜೋರಾಗಿ ಎಳೆದುಕೊಂಡಳು. ಔಷಧಿಯೆಲ್ಲ ಗಂಟಲಿಗೆ ಇಳಿದು ಕಹಿಯಾಯಿತು. ಶೆಡ್ಡಿನಲ್ಲಿ ಮುಷ್ಟಿ ಎತ್ತಿ ಹಾ ಎಂದು ಉಸಿರು ಬಿಟ್ಟು ಹಿಡಿದರೆ ಏನೂ ಇಲ್ಲ. ಗೋಡೆಗೆ ಮೂಗು ಇಟ್ಟ ಹಾಗೆ. ಆದರೂ ತಲೆಯಾಡಿಸಿದಳು. ಸಂದೇಹ ಬಂದ ಎರಡು ಚೀಲಗಳನ್ನು ಸುಮ್ಮನೆ ಬಿಸಿಲಿಗೆ ಕಳಿಸಿದಳು. ಕಳಿಸಿದ ಮೇಲೆ, ಅವು ಸರಿ ಇದ್ದುವೇನೋ ಅಂದುಕೊಂಡಳು.

ಎರಡನೆಯ ಬುಧವಾರವೂ ಹಾಗೇ. ಮಧ್ಯೆ ದೀಪಾವಳಿ ಬಂದು ಹೋಯಿತು. ಹಬ್ಬದ ಅವಲಕ್ಕಿಗೆ ಬೆಲ್ಲ ಹೆಚ್ಚಾಯಿತೆಂದು ತುಳಸಿದಾಸ ಗೊಣಗಿದರೂ ಅವಳಿಗೆ ರುಚಿಯೂ ಸರಿಯಾಗಿ ತಿಳಿಯಲಿಲ್ಲ. ಹಬ್ಬದ ಮರುದಿನ ಬೇಲೇಕೇರಿಯಿಂದ ಮೀನು ಮಾರಲು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ಬುಟ್ಟಿ ಇಳಿಸಿ, "ಹೊನ್ನಮ್ಮನ ಕಾಲು ಬಾತದೆ. ನಿಂತು ನಿಂತು. ವರ್ಷ ಮುಗಿಯೂದ್ರೊಳಗೆ ಕಾಗದ ಬಂದ್ರೆ ಮಾತ್ರ ಸೇರಿಸ್ಕೊಳ್ತಾರಂತೆ" ಎಂದಳು. ನೀಲಾ ಅವಳಿಗೆ ಚಹಾ ಕೊಟ್ಟಳು. ಮೀನು ಬೇಕಿರದಿದ್ದರೂ ಕೊಂಡಳು.

ಮೂರನೆಯ ಬುಧವಾರ ಮಣೆಯ ಮೇಲೆ ಕೂತು ನಾಲ್ಕನೆಯ ಚೀಲಕ್ಕೆ ಬಾಗಿದಾಗ ಮೂಗಿನಿಂದ ನೆತ್ತರು ತೊಟ್ಟಿಕ್ಕಿತು. ಸೆರಗು ಒತ್ತಿ ಹಿಡಿದು, "ಬಿಸಿಲು" ಅಂದಳು. ಹೆಂಗಸರು ನೀರು ತಂದರು, ಬೀಸಿದರು. ಎಲ್ಲರೂ ಒಳ್ಳೆಯದನ್ನೇ ಆಡುತ್ತಿದ್ದರು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಗಲಾಟೆ. ರಕ್ಷಿತಾ ಅಜ್ಜನನ್ನು ಬಚ್ಚಲಲ್ಲಿ ಹಿಡಿದಿದ್ದಳು.

"ಅಮ್ಮಾ, ಅಜ್ಜ ಆಜಿಯ ಸ್ಪ್ರೇ ಹೊಡ್ಕೊಳ್ತಿದ್ದ."

"ನಂಗೂ ಮೂಗು ಕಟ್ಟಿತ್ತು" ಎಂದ ತುಳಸಿದಾಸ. "ಮನೆಗೆ ತಂದ ಔಷಧಿ. ಸುಮ್ನೆ ಹಾಳಾಗೂದು ಬೇಡ ಅಂತ."

"ಹಾಳಾಗೂದು ಬೇಡ ಅಂತ ಇನ್ನೊಬ್ರ ಹಲ್ಲುಜ್ಜೂ ಬ್ರಶ್ಶಿನಲ್ಲಿ ಉಜ್ತೀರಾ?" ಎಂದಳು ಸುಮಲತಾ. ಬಾಟಲಿಯನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ಇನ್ನೂ ಬಹಳ ಉಳಿದಿತ್ತು. ದಿನವೂ ಹಾಕಿದ್ದರೆ ಇಷ್ಟು ಉಳಿಯುವಂತಿರಲಿಲ್ಲ. ಆಗ ಅತ್ತೆಯ ಸೆರಗಿನ ಕಲೆ ಕಂಡಿತು.

"ದಿನಾ ಹಾಕ್ತಿದ್ದೀರಾ ಆಯಿ?"

"ಬುಧವಾರ ಹಾಕ್ತೆ. ಐದೈದು."

ಸುಮಲತಾ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸಿಟ್ಟು ಮಾಡಲೂ ತ್ರಾಣ ಇಲ್ಲದವಳ ಹಾಗೆ ಕಂಡಳು. "ನಾ ಬೆಳಿಗ್ಗೆ ನಾಲ್ಕೂವರೆಗೆ ಏಳ್ತೆ. ಡಬ್ಬ ಕಟ್ತೆ. ಕಾಜಾ ಹಾಕಿ ಹಾಕಿ ಕಣ್ಣು ಹೋಗದೆ. ರಜೆ ಹಾಕಿ ಕರ್ಕೊಂಡು ಹೋದೆ. ನೀವು ಅದನ್ನ ವಾರದ ಪೂಜೆ ಮಾಡಿದ್ರಿ."

"ನಿನ್ನ ಗಂಡ ಹೇಳಿದ್ದು, ಬೇಕಾದ ದಿನ ಮಾತ್ರ ಅಂತ."

"ಅವ್ರು ಡಾಕ್ಟರಾ? ಬಸ್ಸು ಬಿಡೋರು."

ಒಳಗೆ ಅಂಗಿ ಬಿಚ್ಚುತ್ತಿದ್ದ ರೋಷನ ಕೇಳಿಸಿದರೂ ಕೇಳಿಸದವನಂತೆ ಇದ್ದ. ಆದರೆ ಶನಿವಾರ ಅವನೇ ಪಾಳಿ ಬದಲಾಯಿಸಿಕೊಂಡು ತಾಯಿಯನ್ನು ಡಾಕ್ಟರ ಹತ್ತಿರ ಕರೆದೊಯ್ದ, ಅವನೇ ಪ್ರಶ್ನೆ ಕೇಳಿದ. ಮೂಳೆಯದು ಕೇಳಿದ, ಮುಖ ಬಾತುಕೊಳ್ಳುವುದು ಕೇಳಿದ. ಡಾಕ್ಟರು ಈ ಸಲ ಕುರ್ಚಿ ಎಳೆದುಕೊಂಡು ಕೂತು ಉತ್ತರ ಹೇಳಿದರು. ನುಂಗುವ ಮಾತ್ರೆಗೂ ಇದಕ್ಕೂ ಬಹಳ ವ್ಯತ್ಯಾಸ, ಆದರೂ ಮನಸ್ಸಿಗೆ ಬಂದಷ್ಟು ಹೊಡೆಯುವ ವಸ್ತು ಇದಲ್ಲ, ಮೂಗು ಹಿಡಿತಕ್ಕೆ ಬಂದ ಮೇಲೆ ನಾನೇ ಕಡಿಮೆ ಮಾಡುತ್ತೇನೆ ಎಂದರು. ಮೂಗಿನ ನಡುವಿನ ಗೋಡೆಗೇ ಹೊಡೆದು ಹೊಡೆದು ಅಲ್ಲಿ ಗಾಯವಾಗಿತ್ತು. ಅದು ಮಾಯುವವರೆಗೆ ನಾಲ್ಕು ದಿನ ನಿಲ್ಲಿಸಿ, ಮತ್ತೆ ನೆತ್ತರು ಬಂದರೆ ಕಾಯದೆ ಬನ್ನಿ ಎಂದರು. ಬಾಟಲಿ ಹೊಸದು ಬರೆದುಕೊಟ್ಟರು. ಹಾಸಿಗೆ ದಿಂಬುಗಳ ಬಟ್ಟೆಯನ್ನು ವಾರವಾರ ಬಿಸಿನೀರಲ್ಲಿ ಒಗೆಯಬೇಕು, ಒಣಮೀನಿನ ಗೋಣಿ ಕೊಡವುವಾಗ ಮೂಗಿಗೆ ಬಟ್ಟೆ ಕಟ್ಟಬೇಕು. ಆಮೇಲೆ ಖಾಲಿ ಬಾಟಲಿಯೊಂದನ್ನು ನೀಲಾಳ ಕೈಗೆ ಕೊಟ್ಟು, "ಈಗ ನನ್ನ ಎದುರಿಗೆ ಹಾಕಿ ತೋರಿಸಿ" ಎಂದರು. ಮೂರು ಸಲ ತಪ್ಪಿದ ಮೇಲೆ ನಾಲ್ಕನೆಯ ಸಲ ಸರಿಯಾಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಬೆಳಗಿನ ಒಂದು ಕೆಲಸ ಹೆಚ್ಚಾಯಿತು. ಚಹಾ ಇಳಿಸಿ, ರೋಷನನ ಡಬ್ಬಕ್ಕೆ ಚಪಾತಿ ಸುತ್ತಿ, ಸುಮಲತಾ ಅತ್ತೆಯನ್ನು ಕರೆಯುತ್ತಿದ್ದಳು. ಮೊದಲು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು. ಬಾಟಲಿ ಅಲುಗಿಸುವುದು. ತಲೆ ತುಸು ಮುಂದಕ್ಕೆ ಬಾಗಿಸುವುದು.

"ಎಡಗೈ ಬಲಹೊಳ್ಳೆಗೆ, ಬಲಗೈ ಎಡಹೊಳ್ಳೆಗೆ. ತುದಿ ಕಿವಿಯ ಕಡೆ ಇರ್ಲಿ, ನಡುವಿನ ಗೋಡೆಗೆ ಬೇಡ. ಎಳೀಬೇಡಿ, ಮೆಲ್ಲಗೆ ಉಸಿರು ತಕೊಳ್ಳಿ."

"ಗೊತ್ತಾಯ್ತು ಮಾರಾಯ್ತಿ. ನಾ ಮಗು ಅಲ್ಲ."

"ಮಗು ಆದ್ರೆ ಒಂದೇ ಸಲಕ್ಕೆ ಕಲೀತಿತ್ತು."

ತುದಿ ಒರೆಸಿ ಮುಚ್ಚಳ ಹಾಕಿ, ಬಾಟಲಿಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ತುಳಸಿದಾಸನ ಕೈಗೆ ಅದು ಎಟುಕುತ್ತಿತ್ತು, ಆದರೆ ಬಚ್ಚಲಿನ ಪ್ರಕರಣದ ನಂತರ ಅವನು ಆ ಕಡೆ ನೋಡುತ್ತಿರಲಿಲ್ಲ. ಒಂದು ವಾರ ಕಳೆಯಿತು. ಏನೂ ಇಲ್ಲ. ಸೀನು ಕಡಿಮೆಯಾಯಿತು, ರಾತ್ರಿ ಬಾಯಿ ಮುಚ್ಚಿ ಮಲಗುವಂತಾಯಿತು. ವಾಸನೆ ಮಾತ್ರ ಇಲ್ಲ. ಬುಧವಾರ ಶೆಡ್ಡಿಗೆ ಹೋಗಲು ಸೀರೆ ಉಡುವಾಗಲೇ ಅವಳಿಗೆ ಆಯಾಸವಾಗುತ್ತಿತ್ತು.

ಹದಿನಾರನೆಯ ದಿನ ಒಲೆ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡವಳು ಹಾಗೇ ನಿಂತಳು. ಹಳಸಿದ ಎಣ್ಣೆಯ, ಒದ್ದೆ ಕೊಳೆಯ ಕೆಟ್ಟ ನಾತ. ಮತ್ತೆ ಮೂಗಿಗೆ ಹಿಡಿದಳು. ಮತ್ತೆ ಬಂತು.

"ಸುಮಾ, ಈ ಬಟ್ಟೆ ಯಾವಾಗಿಂದ ಹಿಂಗುಂಟು?"

ಸುಮಲತಾ ಕಡಬು ಇಳಿಸುತ್ತಿದ್ದವಳು ತಿರುಗಿ ನೋಡಿದಳು. ವಿಷಯ ಅರ್ಥವಾಗಲು ಗಳಿಗೆ ಹಿಡಿಯಿತು. "ಎರಡು ವರ್ಷದಿಂದ. ನೀವು ಮಲಗಿದ ಮೇಲೆ ನಾನು ಸೋಡಾ ಹಾಕಿ ತೊಳೀತಿದ್ದೆ. ನಿನ್ನೆ ತೊಳೀಲಿಲ್ಲ."

"ಹೇಳಬಾರದಾಗಿತ್ತಾ?"

"ಅತ್ತೆಗೆ ನಿಮ್ಮ ಅಡಿಗೆಮನೆ ನಾರ್ತದೆ ಅಂತ ಯಾವ ಸೊಸೆ ಹೇಳ್ತಾಳೆ?"

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು. ನಗು ಮುಗಿದ ಮೇಲೆ ಸುಮಲತಾ, "ಹಾಗಾದ್ರೆ ಕಾಗದ?" ಎಂದಳು.

ರಾತ್ರಿಯ ಊಟಕ್ಕೆ ಆ ಮಾತು ಮತ್ತೆ ಬಂತು.

"ಈಗ ಮೂಗು ಬಂತಲ್ಲ" ಎಂದಳು ನೀಲಾ, ಅನ್ನ ಕಲೆಸುತ್ತ. "ಇನ್ನು ಮುಂದೆ ತಪ್ಪಾಗೂದಿಲ್ಲ. ಹಳೇದು ಯಾಕೆ ಎತ್ತೂದು?"

"ಅದೇ ನಾ ಹೇಳೂದು" ಎಂದ ರೋಷನ. "ವೈಜಯಂತಿಬಾಯಿಯ ಗಂಡ ದಿನಾ ನನ್ನ ಹಿಂದಿನ ಸೀಟಿನಲ್ಲೇ ಕೂರ್ತಾರೆ. ನಿನ್ನ ತಾಯಿ ಸುಳ್ಳು ಬರೆದಿದ್ದಂತೆ ಅಂತ ಕೇಳಿದ್ರೆ ನಾ ಕನ್ನಡಿಯಲ್ಲಿ ಯಾವ ಮುಖ ತೋರಿಸ್ಲಿ?"

"ನಿಮ್ಮ ಮುಖಕ್ಕೆ ಕನ್ನಡಿ ಉಂಟು" ಎಂದಳು ಸುಮಲತಾ. "ಹೊನ್ನಮ್ಮಕ್ಕನಿಗೆ ಕೂರೂಕೆ ಸ್ಟೂಲೂ ಇಲ್ಲ."

"ನೀ ಮಧ್ಯ ಬರ್ಬೇಡ."

"ಬಂದಾಯ್ತು. ಮೂಗು ಸರಿಯಾದ ಮೇಲೆ ಬರೀತೆ ಅಂತ ಆಯಿ ಹೇಳಿದ್ದು ನಂಗೆ."

ತುಳಸಿದಾಸ ಎಂದಿನಂತೆ ಮಜ್ಜಿಗೆ ಕೇಳಿದ. ಯಾರೂ ಕೊಡದಿದ್ದಾಗ ತಾನೇ ಎದ್ದು ಹಾಕಿಕೊಂಡ.

ಮುಂದಿನ ಬುಧವಾರ ಬಂತು. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆ ಸರಿಸಿ ಒಂದೊಂದೇ ಚೀಲ ನೋಡುತ್ತ ಬಂದಳು ನೀಲಾ. ಉಪ್ಪು, ಬಿಸಿಲು, ಮರಳು ಎಲ್ಲ ಬೇರೆ ಬೇರೆಯಾಗಿ, ದೂರದಿಂದ ಕೇಳುವ ಮಾತಿನ ಹಾಗೆ ಸಣ್ಣಗೆ ಬರುತ್ತಿದ್ದವು. ಒಂಬತ್ತನೆಯ ಚೀಲ ಭಾರತಿಯದು. ಸಂಘಕ್ಕೆ ಸೇರಿ ವರ್ಷವಾಗಿರಲಿಲ್ಲ, ಕಂಕುಳಲ್ಲಿ ಮಗು. ತಳದ ಮುಷ್ಟಿಗೆ ಉಸಿರು ಬಿಟ್ಟು ಹಿಡಿದಾಗ ಹುಳಿಹುಳಿ ಹಸಿ ಎದ್ದು ಬಂತು. ನೀಲಾ ತಲೆ ಅಡ್ಡ ಆಡಿಸಿದಳು. ತಪ್ಪೇನೂ ಇರಲಿಲ್ಲ, ಚೀಲ ನಿಜಕ್ಕೂ ಹಸಿ.

ಭಾರತಿ ಮಗುವನ್ನು ಇಳಿಸಿ ಚೀಲ ಕಟ್ಟತೊಡಗಿದಳು.

"ನೀನು ನೋಡಿದೆಯಾ?" ಎಂದಳು ನೀಲಾ.

"ನೀವು ನೋಡಿದ್ರಲ್ಲ ನೀಲಕ್ಕ."

"ನಿನ್ನ ಮೂಗಿಗೆ ಏನಾಗದೆ? ನೋಡು."

ಭಾರತಿ ಸುತ್ತ ಉಳಿದವರನ್ನು ನೋಡಿ, ಅಂಜುತ್ತ ಒಂದು ಮುಷ್ಟಿ ತೆಗೆದು ಹಿಡಿದಳು. "ಹೌದು. ಹಸಿ ಉಂಟು."

"ಹಸಿ ಇಲ್ಲ ಅನ್ನಿಸಿದ್ರೆ ಇಲ್ಲ ಅಂತಿದ್ದೆಯಾ?"

ಹುಡುಗಿ ಮಗುವಿನ ಟೋಪಿ ಸರಿಮಾಡಿದಳು. "ನಿಮ್ಮ ಎದುರಿಗೆ ಹ್ಯಾಂಗೆ ಅನ್ನೂದು?"

ಅದರಲ್ಲಿ ಟೀಕೆ ಇರಲಿಲ್ಲ. ಗೌರವವೇ ಇತ್ತು. ನೀಲಾ ಉಳಿದ ಹದಿಮೂರು ಚೀಲಗಳನ್ನು ನೋಡಿದಳು, ಆದರೆ ಪ್ರತಿಯೊಂದಕ್ಕೂ ಮೊದಲು ತಂದವಳ ಕೈಯಲ್ಲೇ ಒಂದು ಮುಷ್ಟಿ ತೆಗೆಸಿ ಮೂಸಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಮುಗಿಯಲು ಎಂದಿಗಿಂತ ಒಂದು ಗಂಟೆ ಹೆಚ್ಚಾಯಿತು.

ಸಂಜೆ ಅವಳು ರಕ್ಷಿತಾಳ ಹತ್ತಿರ ನೋಟುಬುಕ್ಕಿನ ನಡುವಿನ ಹಾಳೆ ಕೇಳಿದಳು.

"ಮೊದ್ಲು 'ವಿಷಯ' ಅಂತ ಬರೀಬೇಕು ಆಜಿ. ನಮಗೆ ಹಾಗೇ ಕಲಿಸಿದ್ದು."

"ವಿಷಯ ಅವಳಿಗೆ ಗೊತ್ತುಂಟು."

ಅಕ್ಷರ ಅವಳಿಗೆ ನಿಧಾನ. ಹೊಳೆ ದಾಟುವವರ ಹಾಗೆ ಒಂದೊಂದು ಕಲ್ಲು ನೋಡಿ ಕಾಲಿಟ್ಟು ಬರೆದಳು. ಹೊನ್ನಮ್ಮನಿಗೆ ನೀಲಾ ತುಳಸಿದಾಸ ಬರೆಯುವುದು. ಮೇ ತಿಂಗಳಲ್ಲಿ ನಿನ್ನ ಎರಡು ಚೀಲ ಪಾಸು ಮಾಡಿದ್ದು ನಾನು. ಆಗ ನನ್ನ ಮೂಗಿಗೆ ವಾಸನೆ ಬರುತ್ತಿರಲಿಲ್ಲ. ಇನ್ನೊಂದು ಬಿಸಿಲು ಹಾಕಲಾ ಎಂದು ನೀನು ಕೇಳಿದ್ದೆ. ಬೇಡ ಅಂದವಳು ನಾನು. ಚೀಲ ಬದಲಾಗಿದೆ ಅಂತ ಬರೆದುಕೊಟ್ಟದ್ದು ಸುಳ್ಳು. ಮಾಲು ಕೆಟ್ಟದ್ದಕ್ಕೆ ನೀನು ಕಾರಣ ಅಲ್ಲ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು.

ರೋಷನ ಬಾಗಿಲಲ್ಲಿ ನಿಂತು ಓದಿದ. "ನಾಳೆ ಬಸ್ಸಿನಲ್ಲಿ ಕೇಳಿದ್ರೆ ಏನು ಹೇಳ್ಲಿ?"

"ಬರೆದದ್ದು ಹೌದು ಅಂತ ಹೇಳು."

ಮರುದಿನ ವೈಜಯಂತಿಬಾಯಿ ಕನ್ನಡಕ ಹಾಕಿ ಎರಡು ಸಲ ಓದಿದರು. ಸಿಕ್ಕಾವನ್ನು ಕೈಯಲ್ಲಿ ಹಿಡಿದುಕೊಂಡೇ, "ಇದನ್ನ ಒತ್ತಿದ ಮೇಲೆ ನೀನು ಒಬ್ಬಳೇ ಮಣೆಯ ಮೇಲೆ ಕೂರೂಕೆ ಆಗೂದಿಲ್ಲ ನೀಲಾ. ಮೂರು ಜನ ನೋಡೂದು ಅಂತ ಮಾಡ್ಬೇಕಾಗ್ತದೆ. ಆ ಮೂವರಲ್ಲಿ ನೀನು ಇರ್ತೀಯೋ ಇಲ್ವೋ, ಅದನ್ನ ಸಭೆ ಹೇಳ್ತದೆ" ಎಂದರು.

"ಒತ್ತಿ" ಎಂದಳು ನೀಲಾ.

ಅಂಚೆ ಕಚೇರಿಯಲ್ಲಿ ಸಾಲು ಉದ್ದವಿತ್ತು. ಪೆನ್ಶನ್ನಿನವರು, ಆಧಾರ್ ತಿದ್ದುವವರು, ಒಬ್ಬಳು ಮಗಳಿಗೆ ಹಪ್ಪಳದ ಕಟ್ಟು ಕಳಿಸುವವಳು. ನೀಲಾ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತ ನಿಂತಳು. ಅವಳ ಪಾಳಿ ಬಂದಾಗ ಕೌಂಟರಿನ ಗುಮಾಸ್ತ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟ.

"ಸ್ಪೀಡ್ ಪೋಸ್ಟಾ? ಒಳಗೇನುಂಟು?"

"ಕಾಗದ."

"ಕಾಗದ ಮಾತ್ರವಾ?"

"ಕಾಗದ ಮಾತ್ರ."

"ಬೇಲೇಕೇರಿ. ನಾಳೆ ಇಲ್ಲ ನಾಡಿದ್ದು ಮುಟ್ತದೆ. ಕಳಿಸುವವರ ಹೆಸರು?"

ನೀಲಾ ಹೇಳಿದಳು. ಗದ್ದಲಕ್ಕೆ ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಹಿಂದಿನವರಿಗೂ ಕೇಳುವ ಹಾಗೆ, ಪೂರ್ತಿ ಹೆಸರು ಹೇಳಿದಳು. ಅವನು ಚೀಟಿ ಅಂಟಿಸಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂತಿರುಗಿ ನೋಡದೆ ಬೆನ್ನ ಹಿಂದಿನ ದೊಡ್ಡ ಚೀಲಕ್ಕೆ ಎಸೆದ.